ಮಾವನ ಬೆರಳು, ಅತ್ತೆಯ ಕೈ

ನಮ್ಮ ಸೋದರಮಾವನ ಎದುರು ತಲೆ ಬಗ್ಗಿಸಿ ಕೂರಬಾರದು. ಕೂತಿರೋ, ತಟ್ಟಿ ನೋಡುತ್ತಾರೆ! ಶೆಟ್ಟಿಕೆರೆ ಕಡೆಯ ಕುಂಬಾರರು ಅವರು. ಸುಟ್ಟ ಮಡಕೆಯನ್ನು ಬೆರಳಗಂಟಿನಿಂದ ತಟ್ಟಿ, ಸದ್ದು ಕೇಳಿದ ಮೇಲೆಯೇ ಕೊಳ್ಳುವವರ ಕೈಗೆ ಕೊಡುವುದು. ಕಣ್ಣಿಗೆ ಕಾಣದ ಬಿರುಕೂ ಸದ್ದಿನಲ್ಲಿ ಸಿಕ್ಕಿಬೀಳುತ್ತದಂತೆ. ಅಲ್ಲಿಗೇ ನಿಂತಿದ್ದರೆ ಕಸುಬು ಎನ್ನಬಹುದಿತ್ತು. ನನಗೆ ಹೆಣ್ಣು ನೋಡಲು ಹೋದಾಗ ಆ ಮನೆಯ ಕಂಬ ತಟ್ಟಿ, "ಒಳಗೆ ಹುಳ ಬಿದ್ದೈತೆ" ಅಂದುಬಿಟ್ಟರು. ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ಕಂಬ ನೋಡಿದ್ದೇ ನೋಡಿದ್ದು, ಹುಡುಗಿಯನ್ನು ನೋಡುವವರೇ ಇಲ್ಲ!

ಇನ್ನೊಮ್ಮೆ ತಿಪಟೂರಿನಲ್ಲಿ ಹೊಸ ಹೆಲ್ಮೆಟ್ ಕೊಂಡು, ಹಾಕಿಕೊಂಡೇ ಹೋಗಿ ತೋರಿಸಿದೆ. ತಟ್ಟಿದರು, ಕಿವಿಗೊಟ್ಟರು.

"ಟೊಳ್ಳು ಸದ್ದು ಬತ್ತದೆ. ಟೋಪಿದೋ ತಲೇದೋ ತಿಳೀತಿಲ್ಲ."

ಈ ಬೇಸಿಗೆಯಲ್ಲಿ ಮಡಕೆ ಸುಟ್ಟ ಆವಿಗೆ ಬಿಚ್ಚುವ ದಿನ ಹೋಗಿದ್ದೆ. ತೆಂಗಿನ ಮಟ್ಟೆಯ ಬೂದಿಯೊಳಗಿಂದ ಮಡಕೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಎದುರಿಗೆ ಅತ್ತೆ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಕಿಬ್ಬನಹಳ್ಳಿಯವರೊಬ್ಬರು ಮಗಳ ಮದುವೆಯ ಅರಿವೇಣಿಗೆ ಮಡಕೆ ಕೇಳಿಕೊಂಡು ಬಂದರು. ಪೂಜೆಗಿಡುವ ಮಡಕೆ, ಬಿರುಕಿನದೊಂದು ಸೇರಿಬಿಟ್ಟರೆ ಅಪಶಕುನ. ಅಷ್ಟರಲ್ಲಿ ಅತ್ತೆ ಅವರಿಗೆ ನೀರು ತರಲು ಒಳಗೆ ಹೋದರು. ಮಾವನ ಬೆರಳು ಮೇಲೆದ್ದದ್ದು ಅಲ್ಲೇ ನಿಂತಿತು. ತಟ್ಟಲೇ ಇಲ್ಲ! ಮಳೆ ವಿಚಾರಿಸಿದರು, ಕೊಬ್ಬರಿ ರೇಟು ವಿಚಾರಿಸಿದರು, ಬಂದವರ ಹಸು ಕರು ಹಾಕಿದ್ದನ್ನೂ ವಿಚಾರಿಸಿದರು. ಅತ್ತೆ ಬಂದು ಕೂತು ಗರಿ ಕೈಗೆತ್ತಿಕೊಂಡ ಮೇಲೆಯೇ ತಟ್ಟಿದ್ದು.

ಆಗ ನನಗೆ ಗೊತ್ತಾಯಿತು. ಮಾವನ ಗಮನ ಮಡಕೆಯ ಮೇಲಿರಲಿಲ್ಲ, ಅತ್ತೆಯ ಕೈ ಮೇಲಿತ್ತು. ಮಡಕೆ ಚೆನ್ನಾಗಿದ್ದರೆ ಆ ಕೈ ಗರಿ ಸೀಳುತ್ತಲೇ ಇರುತ್ತಿತ್ತು. ಒಂದು ಮಡಕೆಗೆ ಗಕ್ಕನೆ ನಿಂತಿತು. ಇದು ಬೇಡ ಬಿಡಿ ಎಂದು ಮಾವ ಅದನ್ನು ಪಕ್ಕಕ್ಕಿಟ್ಟರು.

ಬಂದವರು ಹೋದರು, ಅತ್ತೆಯೂ ಒಳಗೆ ಹೋದರು. ನಾನು ಮೆಲ್ಲಗೆ ಕೇಳಿದೆ. ಮಾವ ಬೆರಳಿನ ಬೂದಿ ಉಜ್ಜಿಕೊಂಡರು.

"ಜನದ ಮಾತು ಕೇಳ್ತದೆ ಕಣಪ್ಪ, ಮಡಕೆ ಮಾತು ಕೇಳ್ತಿಲ್ಲ. ಸದ್ದು ಕೆಟ್ರೆ ಅವಳ ಕೈ ನಿಲ್ತದೆ, ಅದು ಅವಳಿಗೇ ಗೊತ್ತಿಲ್ಲ. ನೀನೂ ಹೇಳ್ಬ್ಯಾಡ. ನನ್ ಕಿವಿ ಹೋಯ್ತು ಅಂತ ಹೆದರ್ಕತಾಳೆ."

ನೀರು ಕುಡಿಯಲು ಒಳಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಚೊಂಬು ಕೈಗಿಟ್ಟು, ದನಿ ತಗ್ಗಿಸಿದರು.

"ಅವರ ಕಿವಿ ವಿಷ್ಯ ನಂಗೆ ಗೊತ್ತು ಅಂತ ನಿಮ್ಮಾವಂಗೆ ಹೇಳ್ಬ್ಯಾಡ ಕಣಪ್ಪ. ತಟ್ಟೋದೇ ಬುಟ್ಬುಡ್ತಾರೆ."

ಚೊಂಬು ಖಾಲಿ ಮಾಡಿ ಕೊಟ್ಟೆ. ಹೊರಗೆ ಬಂದು, ಬೇಕೆಂತಲೇ ಮಾವನ ಮುಂದೆ ತಲೆ ಬಗ್ಗಿಸಿ ಕೂತೆ. ಅತ್ತೆಯೂ ಬಂದು ಕೂತರು. ಮಾವ ನನ್ನ ತಲೆ ತಟ್ಟಿ, ಅತ್ತೆಯ ಕೈ ಕಡೆ ನೋಡಿದರು. ಅತ್ತೆ ಗರಿ ಸೀಳುತ್ತಲೇ ಇದ್ದರು.