ನಮ್ಮ ಗುಂಡುಕಲ್ಲಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ, ಮಾನ್ಯರೇ

ಜೋಗುಳಮಿತ್ರ ಸ್ವಯಂಚಾಲಿತ ತೊಟ್ಟಿಲು ಕಂಪನಿಯ
ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಕುಶಾಲನಗರದ ಪಕ್ಕದ ಹಳ್ಳಿಯೊಂದರಿಂದ, ಒಂದು ಹೆಗಲ ಮೇಲೆ ಮಗುವನ್ನೂ ಇನ್ನೊಂದರ ಮೇಲೆ ಅದು ಕಕ್ಕಿದ ಹಾಲಿನ ಕಲೆಯನ್ನೂ ಹೊತ್ತಿರುವ ಕಾವ್ಯಶ್ರೀ ಎಂಬ ಗ್ರಾಹಕಿಯ ಸಾಷ್ಟಾಂಗ ನಮಸ್ಕಾರಗಳು ತಮಗೆ ಸಲ್ಲಲಿ. ಸಾಷ್ಟಾಂಗ ಎಂದದ್ದು ಮಾತಿಗಷ್ಟೇ. ನಿಜಕ್ಕೂ ನೆಲಕ್ಕೆ ಮೈ ತಾಗಿಸಿದರೆ ಅಲ್ಲೇ ನಿದ್ದೆ ಹೋಗಿಬಿಡುವ ಭಯವಿರುವುದರಿಂದ ನಿಂತಲ್ಲಿಂದಲೇ ಕೈ ಮುಗಿಯುತ್ತಿದ್ದೇನೆ, ಅದೂ ಒಂದೇ ಕೈ.

ಮೊದಲಿಗೆ ತಮ್ಮ ತೊಟ್ಟಿಲನ್ನು ಮನಸಾರೆ ಹೊಗಳಬೇಕು. ನಮ್ಮದು ಹಾಸನದ ಕಡೆಯಿಂದ ಬಂದು ಇಲ್ಲಿ ಶುಂಠಿ, ಜೋಳ ಬೆಳೆದುಕೊಂಡಿರುವ ಮನೆ. ಎಣ್ಣೆ ಪ್ಯಾಕೆಟ್ಟು ಬೆಲೆ ಏರಿಸಿಕೊಂಡು ಮೈ ಇಳಿಸಿಕೊಳ್ಳುತ್ತಿರುವ, ಮಗುವಿನ ಸೋಪು ನೋಡನೋಡುತ್ತ ಬಿಸ್ಕತ್ತಿನಷ್ಟಾಗಿರುವ ಈ ಕಾಲದಲ್ಲಿ, ಸಂಘದಲ್ಲಿ ಕೂಡಿಟ್ಟಿದ್ದನ್ನೆಲ್ಲ ಬಿಡಿಸಿ ನಾನು ತಮ್ಮ ತೊಟ್ಟಿಲನ್ನು ತರಿಸಿದ್ದು, ಜಾಹೀರಾತಿನಲ್ಲಿ ತಾವು ಬರೆದಿದ್ದ ಒಂದೇ ಒಂದು ಸಾಲನ್ನು ನಂಬಿ: 'ಮಗು ಮಲಗುತ್ತದೆ, ತಾಯಿಯೂ ಮಲಗುತ್ತಾಳೆ.' ಅದರ ಎರಡನೆಯ ಭಾಗವನ್ನು ಓದುವಾಗ ನನಗೆ ಕಣ್ಣೀರು ಬಂದಿತ್ತೆಂದರೆ ತಾವು ನಂಬಬೇಕು. ಎಂ.ಕಾಂ. ಓದುವಾಗ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೇಲೆ ಸೆಮಿನಾರು ಕೊಟ್ಟವಳು ನಾನು. ಕಾಯ್ದೆಯಲ್ಲಿ ನಿದ್ದೆಗೆಟ್ಟವಳ ತಿಳಿವಳಿಕೆಯ ಬಗ್ಗೆ ಏನೂ ಬರೆದಿಲ್ಲ.

ಪೆಟ್ಟಿಗೆಯೊಳಗಿದ್ದ ಕೈಪಿಡಿಯಲ್ಲಿ ಹತ್ತಾರು ಭಾಷೆಗಳಿದ್ದವು. ಕನ್ನಡವೊಂದು ಇರಲಿಲ್ಲ. ಪೆಟ್ಟಿಗೆಯ ಮೇಲೆ ನಗುತ್ತಿದ್ದ ಮಗುವಿನ ಚಿತ್ರ ಮಾತ್ರ ನಮ್ಮ ಮನೆಯ ಎಲ್ಲರಿಗೂ ಅರ್ಥವಾಗುವಂತಿತ್ತು. ಹಾಗಾಗಿ ನಾಮಕರಣದ ದಿನ ಎಲ್ಲರೂ ಆ ಚಿತ್ರವನ್ನೇ ನಂಬಿ ತೊಟ್ಟಿಲು ಜೋಡಿಸಿದೆವು. ಆಗ ನನ್ನ ಅತ್ತೆ ಲಿಂಗಮ್ಮನವರು, ಹೊಸ ತೊಟ್ಟಿಲಿಗೆ ಸಲ್ಲಬೇಕಾದ ಮರ್ಯಾದೆಯನ್ನು ನೆನಪಿಸಿದರು: "ಏ ಕಾವ್ಯ, ಬರೀ ತೊಟ್ಲು ತೂಗ್ಬಾರ್ದು ಕಣೆ. ಮೊದ್ಲು ಗುಂಡ್ಕಲ್ಲು ಮಲಗ್ಸಿ ತೂಗ್ರಿ, ಆಮೇಲೆ ಮಗ." ತಾವು ಯಾವ ಊರಿನವರೋ ತಿಳಿಯದು, ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ಹೊಸ ತೊಟ್ಟಿಲಿಗೆ ಮೊದಲು ಒರಳಿನ ಗುಂಡುಕಲ್ಲನ್ನು ಮಲಗಿಸಿ, ತೂಗಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು ಹರಸಿ, ಆಮೇಲೆ ಮಗುವನ್ನು ಹಾಕುತ್ತೇವೆ. ನಮ್ಮ ಗುಂಡು ಸಣ್ಣದು, ನುಣುಪಾದದ್ದು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಉಲ್ಲನ್ನಿನ ಟೋಪಿ ಹಾಕಿ ಮಲಗಿಸಿದರು. ನನ್ನ ಗಂಡ ಚಂದ್ರು ಸ್ವಿಚ್ಚು ಒತ್ತಿದರು.

ಆಗ ತಮ್ಮ ತೊಟ್ಟಿಲು ಜೇನಿನಂಥ ದನಿಯಲ್ಲಿ, ಕೈಪಿಡಿಗೆ ಬಾರದ ಅಚ್ಚ ಕನ್ನಡದಲ್ಲಿ, "ಸ್ವಾಗತ ಪುಟಾಣಿ, ನಿನ್ನ ತೂಕ ನನಗೆ ನೆನಪಿರುತ್ತದೆ. ಇನ್ನು ಈ ತೊಟ್ಟಿಲು ನಿನ್ನದೇ" ಎಂದಿತು. ಬಂದಿದ್ದ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ನಂತರ ಕಲ್ಲನ್ನು ತೆಗೆದು ನನ್ನ ಮಗಳು ಹರ್ಷಿತಾಳನ್ನು ಮಲಗಿಸಿ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಲು ಬಾಗುವಷ್ಟರಲ್ಲಿ ಕೆಂಪು ದೀಪ ಹತ್ತಿತು. "ಅಪರಿಚಿತ ಶಿಶು. ದಯವಿಟ್ಟು ಕೆಳಗಿಳಿಸಿ" ಎಂದು ಅದೇ ಜೇನಿನ ದನಿ ಹೇಳಿತು. "ಅಪರಿಚಿತ ನಿಮ್ಮಪ್ಪ!" ಎಂದು ನನ್ನ ಅತ್ತೆ ತೊಟ್ಟಿಲಿಗೆ ಕೊಟ್ಟ ಉತ್ತರಕ್ಕಾಗಿ ನಾನು ಅವರ ಪರವಾಗಿ ಕ್ಷಮೆ ಕೇಳುತ್ತೇನೆ. ತೊಟ್ಟಿಲಿಗೆ ಅಪ್ಪ ತಾವೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ತಮ್ಮ ಸಹಾಯವಾಣಿಗೆ ಫೋನು ಮಾಡಿದಾಗ ಶೋಭಿತಾ ಎಂಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಆಕೆ ಹೇಳಿದ್ದೇನೆಂದರೆ, ತೊಟ್ಟಿಲು ಮೊದಲು ಮಲಗಿದವರನ್ನು ಒಡೆಯರೆಂದು ಒಪ್ಪಿಕೊಳ್ಳುತ್ತದೆ, ಇದು ದೋಷವಲ್ಲ, ಕಳ್ಳರು ಬೇರೆ ಮಗುವನ್ನು ತಂದು ಮಲಗಿಸಿಹೋಗದಂತೆ ಕಂಪನಿ ಕೊಟ್ಟಿರುವ ಸುರಕ್ಷತೆ. ಬೇರೆ ಮಗುವನ್ನು ಕಳ್ಳರು ತಂದಿಟ್ಟು ಹೋದ ಸುದ್ದಿಯನ್ನು ನಾನು ಈವರೆಗೆ ಪೇಪರಿನಲ್ಲಿ ಓದಿಲ್ಲ, ಅದು ತಮ್ಮ ಮುನ್ನೆಚ್ಚರಿಕೆಯ ಫಲವೇ ಇರಬೇಕು. ಒಡೆತನ ಬದಲಾಯಿಸಲು ಮೊದಲ ಮಗುವಿನ ಜನನ ಪತ್ರ ಮತ್ತು ಒಪ್ಪಿಗೆ ಬೇಕೆಂದಳು. ಮೊದಲನೆಯದು ಕಲ್ಲಮ್ಮಾ ಎಂದೆ. ಆಕೆ ಕಂಪ್ಯೂಟರಿನಲ್ಲಿ 'ಕಲ್ಲಮ್ಮ' ಎಂದು ಬರೆದುಕೊಂಡು, ದನಿ ತಗ್ಗಿಸಿ, "ಸಾರಿ ಮೇಡಂ, ಆ ಪಾಪು ಈಗ ಇಲ್ಲಾ ಅಂದ್ರೆ ಡೆತ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದ್ರೂ ಸಾಕು" ಎಂದಳು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅತ್ತೆ, "ಬಿಡ್ತು ಅನ್ನವ್ವಾ, ಬಿಡ್ತು ಅನ್ನು! ಸುಬ ಕಾರ್ಯದ ಮನೇಲಿ ಇದೆಂಥ ಮಾತು!" ಎಂದು ಕೂಗಿದರು. ಆ ಹುಡುಗಿ ಗಾಬರಿಯಾಗಿ 'ಬಿಡ್ತು ಮೇಡಂ' ಎಂದಳು. ತಮ್ಮ ಸಂಸ್ಥೆಯಿಂದ ನನಗೆ ಈವರೆಗೆ ಸಿಕ್ಕಿರುವ ಪರಿಹಾರ ಅದೊಂದೇ.

ಫೋನಿಡುವ ಮುನ್ನ ಆಕೆ ಇನ್ನೊಂದು ಷರತ್ತನ್ನೂ ನೆನಪಿಸಿದಳು: ನೋಂದಾಯಿತ ಶಿಶು ದಿನವೂ ತೊಟ್ಟಿಲು ಬಳಸದಿದ್ದರೆ ವಾರಂಟಿ ರದ್ದಾಗುತ್ತದೆ. ವಾರಂಟಿ ಹೋದರೆ ನನ್ನ ದೂರೂ ಹೋಗುತ್ತದೆ. ಆದ್ದರಿಂದ ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯಾದ ಮೇಲೆ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತೇವೆ. ಅದು ಜೋಗುಳ ಕೇಳುತ್ತ ತೂಗಿಸಿಕೊಳ್ಳುತ್ತದೆ. ಹರ್ಷಿತಾ ಪಕ್ಕದಲ್ಲಿ, ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಬಾಯಿ ಬಡಿದುಕೊಳ್ಳುತ್ತಿರುತ್ತಾಳೆ. ಅತ್ತೆಯ ಭುಜ ನೋವು ಅವರಿಗೆ ಜೋಲಿ ತೂಗಲು ಬಿಡುವುದಿಲ್ಲ, ಚಂದ್ರು ತೂಗಲು ಕೂತರೆ ಮಗುವಿಗಿಂತ ಮೊದಲು ತಾವೇ ಗೊರಕೆ ಹೊಡೆಯುತ್ತಾರೆ. ಇನ್ನುಳಿದವಳು ಯಾರೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ತೊಟ್ಟಿಲನ್ನು ಕೈಯಿಂದಾದರೂ ತೂಗೋಣವೆಂದರೆ, ಮಗುವಿನ ಸುರಕ್ಷತೆಗಾಗಿ ಅದು ಕೈಗೆ ಅಲ್ಲಾಡುವುದಿಲ್ಲ.

ಆದರೆ ಮೊಬೈಲಿಗೆ ತಾವು ಕಳಿಸುವ ಸಂದೇಶಗಳು ಎಷ್ಟೊಂದು ಧೈರ್ಯ ತುಂಬುತ್ತವೆ! 'ನಿಮ್ಮ ಮಗು ಇಂದು ಒಮ್ಮೆಯೂ ಅಳಲಿಲ್ಲ. ನೀವು ಅತ್ಯುತ್ತಮ ತಾಯಿ.' ಹೆತ್ತ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಳು ಕೇಳುತ್ತ ಅದನ್ನು ಓದಿದೆ. ಮರುದಿನ, 'ನಿಮ್ಮ ಮಗು ಮಗ್ಗುಲು ಬದಲಿಸಿಲ್ಲ, ನಿದ್ದೆ ಅತ್ಯಂತ ಗಾಢ.' ತಿಂಗಳು ತುಂಬಿದಾಗ, 'ಶಾಂತ ಶಿಶು ಪ್ರಶಸ್ತಿ.' ಅದಾದ ಮೇಲೆ, 'ಮಗುವಿನ ತೂಕ ಹೆಚ್ಚಿಲ್ಲ, ಕೂಡಲೇ ವೈದ್ಯರನ್ನು ಕಾಣಿ, ನಮ್ಮ ಪೌಷ್ಟಿಕ ಪುಡಿಗೆ ಇಲ್ಲಿ ಒತ್ತಿ.' ಮಾನ್ಯರೇ, ಅದು ಕಲ್ಲೆಂದು ಗೊತ್ತಿದ್ದೂ ನನ್ನ ಎದೆ ಧಸಕ್ಕೆಂದಿತು. ಎದ್ದು ಹೋಗಿ ಕಲ್ಲನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು. ಇನ್ನಷ್ಟು ಗಾಬರಿಯಾಯಿತು.

ಕೊನೆಗೆ ತಾವು ಕಳಿಸಿದ ಮೆಕ್ಯಾನಿಕ್ ಸುನಿಲ್, ವಿರಾಜಪೇಟೆಯಿಂದ ಬಸ್ಸು ಬದಲಿಸಿ ಬದಲಿಸಿ ಬಂದರು. ಕಲ್ಲು ತೂಗುವುದನ್ನು ಬಹಳ ಹೊತ್ತು ನೋಡಿ, "ಮಿಷನಿಗೆ ಎಂಥದೂ ತೊಂದ್ರೆ ಇಲ್ಲ ಅಕ್ಕ, ಚಂದ ತೂಗ್ತಾ ಉಂಟು" ಎಂದರು. ಹರ್ಷಿತಾಳನ್ನು ಮಲಗಿಸಿ ಕೆಂಪು ದೀಪ ತೋರಿಸಿದೆವು. ತಲೆ ಕೆರೆದುಕೊಂಡು, "ಇದಕ್ಕೆ ತೂಕ ಮಾತ್ರ ಗೊತ್ತಾಗುದು. ಪಾಪು ಗುಂಡಿನ ತೂಕಕ್ಕೆ ಬರೋವರೆಗೆ ಕಾಯಿರಿ ಅಕ್ಕ, ಆಮೇಲೆ ಅದಕ್ಕೆ ವ್ಯತ್ಯಾಸ ತಿಳಿಯೂದಿಲ್ಲ" ಎಂದರು. ಅತ್ತೆ ಅವರಿಗೆ ಅಕ್ಕಿ ರೊಟ್ಟಿ ಹಾಕಿ, "ಇಷ್ಟ್ ದಿನಕ್ಕೆ ಒಬ್ಬ ಬುದ್ಧಿವಂತನ್ನ ಕಳಿಸವ್ರೆ" ಎಂದು ತಮ್ಮನ್ನೂ ಹರಸಿದರು.

ಅಲ್ಲಿಂದ ಮುಂದೆ ನಮ್ಮ ಮನೆಗೆ ಒಂದು ಗುರಿ ಬಂತು. ಅಂಗನವಾಡಿಯ ತಕ್ಕಡಿಗೆ ಹರ್ಷಿತಾಳನ್ನು ಹಾಕುವಾಗಲೆಲ್ಲ ಅತ್ತೆ ಸೆರಗಿನಲ್ಲಿ ಗುಂಡನ್ನೂ ಸುತ್ತಿಕೊಂಡು ಬರುತ್ತಿದ್ದರು. "ಇದನ್ನ ಯಾರ ಮನೆ ಮಗು ಅಂತ ಬರೀಲಿ ಲಿಂಗಮ್ಮಕ್ಕ?" ಎಂದು ಅಂಗನವಾಡಿಯ ಶಿವಮ್ಮ ಟೀಚರು ಕೇಳಿದರೆ, "ತೊಟ್ಲು ಕಂಪ್ನಿಯೋರ ಮಗ ಅಂತ ಬರ್ಕೊ, ತಪ್ಪೇನಿಲ್ಲ" ಎನ್ನುತ್ತಿದ್ದರು. ಹರ್ಷಿತಾ ಹಾಲಿನ ಜೊತೆಗೆ ರಾಗಿ ಸರಿ ತಿನ್ನತೊಡಗಿದಳು, ಕೆನ್ನೆ ಬಂತು, ತೊಡೆಯಲ್ಲಿ ಮಡಿಕೆ ಬಿತ್ತು. ಒಂದು ಮಧ್ಯಾಹ್ನ ಅವಳನ್ನು ತೊಟ್ಟಿಲಿಗೆ ಹಾಕಿದಾಗ ದೀಪ ಹಸಿರಾಯಿತು. "ಸ್ವಾಗತ ಪುಟಾಣಿ" ಎಂದಿತು. ತೂಗಿತು. ಅವಳು ಕಣ್ಣು ಮುಚ್ಚಿದಳು. ನಾನು ಅಲ್ಲೇ ಚಾಪೆಯ ಮೇಲೆ ಬಿದ್ದವಳು, ಯಾರೋ ಎಬ್ಬಿಸುವವರೆಗೆ ಈ ಲೋಕದಲ್ಲಿರಲಿಲ್ಲ. ಮಾನ್ಯರೇ, ತಮ್ಮ ಜಾಹೀರಾತು ಸುಳ್ಳಲ್ಲವೆಂದು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳುತ್ತೇನೆ. ಅದು ಒಂದು ವಾರ ಪೂರ್ತಿ ನಿಜವಾಗಿತ್ತು.

ಆ ವಾರದ ಕೊನೆಗೆ, ಹರ್ಷಿತಾ ಹೊಟ್ಟೆ ತುಂಬ ತಿಂದು ಮಲಗಿದಾಗ ಒಮ್ಮೆ ದೀಪ ಕೆಂಪಾಯಿತು. ಡೈಪರು ಒದ್ದೆಯಾಗಿತ್ತು, ಬದಲಿಸಿದೆ, ಹಸಿರಾಯಿತು. ಮರುದಿನ ಸ್ವೆಟರು ತೆಗೆದೆ, ಹಸಿರಾಯಿತು. ಅದರ ಮರುದಿನ ಕಾಲ್ಗಡಗ ಬಿಚ್ಚಿದೆ. ತೆಗೆಯಲು ಇನ್ನೇನೂ ಉಳಿಯಲಿಲ್ಲ. ಫೋನು ಮಾಡಿದರೆ ಶೋಭಿತಾ ಬಹಳ ಖುಷಿಯಿಂದ, "ಕಂಗ್ರಾಟ್ಸ್ ಮೇಡಂ, ಕಲ್ಲಮ್ಮ ಪಾಪು ಬೆಳೀತಿದೆ! ನಿಮ್ಮದು ಬೇಸಿಕ್ ಪ್ಲಾನು, ಅದ್ರಲ್ಲಿ ಬೆಳವಣಿಗೆ ಬರಲ್ಲ. ಬೆಳವಣಿಗೆ ಪ್ಯಾಕ್ ತಗೊಂಡ್ರೆ ತಿಂಗಳು ತಿಂಗಳು ತೂಕ ಅಪ್‌ಡೇಟ್ ಆಗ್ತದೆ" ಎಂದಳು. ತೊಟ್ಟಿಲಿಗೆ ಪೂರ್ತಿ ಬೆಲೆ ಕೊಟ್ಟ ಮೇಲೆ, ನಮ್ಮ ಮಗು ನಮ್ಮದೇ ರಾಗಿ ತಿಂದು ಬೆಳೆಯುವುದಕ್ಕೆ ತಮಗೆ ತಿಂಗಳ ಚಂದಾ ಕಟ್ಟಬೇಕೆಂಬುದು ನನ್ನ ಸೆಮಿನಾರಿನಲ್ಲಿ ಬಿಟ್ಟುಹೋಗಿತ್ತು.

ಅವತ್ತು ಸಂಜೆ ರಾಗಿ ಸರಿಯ ಬಟ್ಟಲು ಹಿಡಿದು ಕೂತಿದ್ದೆ. ಹರ್ಷಿತಾ ಹಕ್ಕಿಮರಿಯ ಹಾಗೆ ಬಾಯಿ ತೆರೆದಿದ್ದಳು. ನನ್ನ ಚಮಚ ಬಟ್ಟಲಿನಿಂದ ಮೇಲೇಳಲಿಲ್ಲ. ಎರಡು ಚಮಚ ಕಡಿಮೆಯಾದರೆ ಏನಾದೀತು, ನಾಳೆ ಮಧ್ಯಾಹ್ನ ದೀಪ ಹಸಿರಾದೀತು ಎಂದು ತಲೆ ಲೆಕ್ಕ ಹಾಕುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೈಯಲಿಲ್ಲ. ಬಂದು ಪಕ್ಕದಲ್ಲಿ ಕೂತು, "ತಿನ್ಸು ಕಾವ್ಯ. ಮಗ ಬೆಳೀಲಿ. ಆ ಮಿಷನ್ ಮನೆ ಹಾಳಾಗ್ಲಿ. ನನ್ ಭುಜ ಇನ್ನೂ ಬಿದ್ ಹೋಗಿಲ್ಲ, ಹೋಗಿ ಮಲಕ್ಕೊ" ಎಂದರು. ತಿನ್ನಿಸಿದೆ. ಬಟ್ಟಲು ಬಳಿದು ತಿನ್ನಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳೆಂದರೆ, ಒಂದೋ ನನ್ನ ಮಗಳು ತನ್ನ ಪಾಡಿಗೆ ಬೆಳೆಯಲು ತಮ್ಮ ಕಂಪನಿಯಿಂದ ಉಚಿತ ಅನುಮತಿ ಕೊಡಿಸಬೇಕು, ಇಲ್ಲವೇ ತೊಟ್ಟಿಲನ್ನು ಹಿಂದಕ್ಕೆ ಕೊಂಡೊಯ್ದು ಅದರ ಬೆಲೆಯನ್ನು ಕೊಡಬೇಕು, ಎರಡೂ ಆಗದಿದ್ದಲ್ಲಿ ಗುಂಡುಕಲ್ಲನ್ನೇ ಬೆಳೆಸಿ ಕೊಡಬೇಕು. ತಮ್ಮ ಪೌಷ್ಟಿಕ ಪುಡಿಯಿಂದ ಇದು ಸಾಧ್ಯವೆಂದು ತಮ್ಮ ಸಂದೇಶವೇ ಹೇಳಿದೆ. ಹಾಗೆಯೇ, ತಮ್ಮ ತೊಟ್ಟಿಲಿಗೆ ಒಪ್ಪುವ ಮಗು ಅಳಬಾರದು, ಒದ್ದೆಯಾಗಬಾರದು, ಬೆಳೆಯಬಾರದು ಎಂಬುದು ಈಗ ನನಗೆ ಅರ್ಥವಾಗಿರುವುದರಿಂದ, ಪೆಟ್ಟಿಗೆಯ ಮೇಲಿನ ನಗುವ ಮಗುವಿನ ಚಿತ್ರವನ್ನು ತೆಗೆದು ಅಲ್ಲಿ ನಮ್ಮ ಕಲ್ಲಿನ ಚಿತ್ರ ಹಾಕಿದರೆ ಮುಂದಿನ ತಾಯಂದಿರಿಗೆ ಮೋಸವಾಗುವುದಿಲ್ಲ. ಟೋಪಿ ಹಾಕಿದ ಫೋಟೋ ನಮ್ಮಲ್ಲಿದೆ, ಕಳಿಸಿಕೊಡುತ್ತೇನೆ.

ತಮ್ಮ ಕುಟುಂಬದವರೆಲ್ಲರಿಗೂ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಚಂದಾ ಕಟ್ಟದೆಯೇ ಸಿಗಲೆಂದು ಹಾರೈಸುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಎರಡನೆಯ ಮಗುವಿನ ತಾಯಿ,
ಕಾವ್ಯಶ್ರೀ

ವಿ.ಸೂ.: ಮಡಿಕೇರಿಯ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ತಮ್ಮ ದಾಖಲೆಯ ಪ್ರಕಾರ ತೊಟ್ಟಿಲಿನ ಬಳಕೆದಾರರು ಗುಂಡುಕಲ್ಲೇ ಆಗಿರುವುದರಿಂದ, ವಿಚಾರಣೆಗೆ ಅದನ್ನೇ ಕರೆತರುತ್ತೇನೆ. ತಮ್ಮ ವಕೀಲರು ಎಷ್ಟು ವಾಯಿದೆ ಬೇಕಾದರೂ ಸಂಕೋಚವಿಲ್ಲದೆ ಕೇಳಬಹುದು. ಅದಕ್ಕೆ ಹಸಿವಿಲ್ಲ, ಬೇಸರವಿಲ್ಲ, ಕಾಯುವುದರಲ್ಲಿ ಅದನ್ನು ಮೀರಿಸಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೆ ಶಾಂತ ಶಿಶು ಎಂದು ಪ್ರಶಸ್ತಿ ಕೊಟ್ಟವರು ತಾವೇ.