ಸೇತುವೆಯ ಕಾಗೆ

ವರದಮ್ಮ ತನ್ನ ಪೆಟ್ಟಿಗೆಯಲ್ಲಿಟ್ಟಿದ್ದ ಫೋಟೊವನ್ನು ಪಕ್ಕದ ಮನೆಯ ಸರೋಜಳಿಗೆ ದೂರದಿಂದ ತೋರಿಸಿದ್ದೇ ಮಂಜುನಾಥಪ್ಪನ ಕಷ್ಟಕ್ಕೆಲ್ಲ ಮೂಲ. ವರದಮ್ಮನ ಗಂಡ ರಾಮಚಂದ್ರಪ್ಪ, ತಾಯಿಯ ಅಸ್ಥಿ ಬಿಡಲು ಕರಾವಳಿಯ ಬಂದರಿಗೆ ಹೋದಾಗ, ಬ್ರಿಟಿಷರು ಕಡಲೊಳಕ್ಕೆ ಚಾಚಿ ಕಟ್ಟಿದ ಕಬ್ಬಿಣದ ಸೇತುವೆಯ ಮೇಲೆ ನಿಂತು ತೆಗೆಸಿಕೊಂಡ ಫೋಟೊ ಅದು. ಅದನ್ನು ನೋಡಿದ ಮೇಲೆ ಸರೋಜಳಿಗೆ ನಿದ್ದೆಯಿಲ್ಲ. ಹೆಂಡತಿಗಿಲ್ಲದ ನಿದ್ದೆ ಮಂಜುನಾಥಪ್ಪನಿಗೆಲ್ಲಿ?

ಕೊನೆಗೊಂದು ದಿನ ಇಬ್ಬರೂ ಹೊಸನಗರದಿಂದ ಮೊದಲ ಬಸ್ಸಿಗೆ ಹೊರಟರು.

"ಫೋಟೊ ತೆಗ್ಸಿಕೊಂಡೇ ಬಾ ತಮ್ಮಾ. ಇಲ್ದಿದ್ರೆ ಹೋಗಿದ್ರಿ ಅಂತ ಯಾರು ನಂಬ್ತಾರೆ?" ಎಂದಳು ವರದಮ್ಮ ಬೇಲಿಯಾಚೆಯಿಂದ. "ಇವತ್ತು ನಮ್ಮತ್ತೆ ತಿಥಿ. ಇಲ್ದಿದ್ರೆ ನಾವೂ ಬರ್ತಿದ್ವಿ."

ಹುಲಿಕಲ್ ಘಾಟಿಯಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ಕೆಸರು ಕಂಡ ಎಮ್ಮೆಯ ಹಾಗೆ ರಸ್ತೆಗೆ ಅಡ್ಡ ಮಲಗಿತ್ತು. ಮಂಜುನಾಥಪ್ಪ ಬಸ್ಸಿನಿಂದ ಇಳಿದ, ಹತ್ತಿದ, ಮತ್ತೆ ಇಳಿದು ಲಾರಿ ಡ್ರೈವರನಿಗೆ ಸಲಹೆ ಕೊಟ್ಟು ಬೈಸಿಕೊಂಡ. ಬಸ್ಸು ಬಂದ ದಾರಿಯಲ್ಲೇ ವಾಪಸಾಯಿತು.

"ಫೋಟೊ ಇಲ್ದೆ ನಾನು ಆ ಬೀದಿಗೆ ಕಾಲಿಡಲ್ಲ," ಎಂದಳು ಸರೋಜ, ಹೊಸನಗರ ಬಂದರೂ ಸೀಟು ಬಿಟ್ಟೇಳದೆ. ಬಸ್ಸು ಅಲ್ಲಿಂದ ಸಾಗರಕ್ಕೆ ಹೋಗುವುದಿತ್ತು. ಇವರೂ ಹೋದರು.

ಸಾಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಧರ್ಮಪ್ಪನ ಬಳಿ ಅದೇ ಸೇತುವೆಯನ್ನು ಬರೆದ ಪರದೆಯಿತ್ತು. ಸೇತುವೆಯ ಕಂಬಿಯ ಮೇಲೊಂದು ಕಾಗೆ.

"ಇದ್ಯಾಕೆ ಇಲ್ಲಿ?" ಎಂದ ಮಂಜುನಾಥಪ್ಪ.

"ಇಲಿ ಕಡಿದು ತೂತಾಗಿತ್ತು. ತೇಪೆ ಹಾಕಿ ಕಾಗೆ ಬರ್ದೆ. ಸ್ವಲ್ಪ ನಗಾಡಿ. ಸಂಜೆ ಬಸ್ಸಿಗೆ ಮುಂಚೆ ಕೊಡ್ತೀನಿ."

ಇವರು ಮನೆ ಮುಟ್ಟಿದಾಗ ವರದಮ್ಮ ಹಿತ್ತಲಲ್ಲಿ, ಅತ್ತೆಗೆಂದು ಬಾಳೆಲೆಯಲ್ಲಿ ಬಡಿಸಿಟ್ಟ ಎಡೆಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಎಲೆ ಬಾಡಿತ್ತು. ಈ ವರ್ಷವೂ ಕಾಗೆ ಮುಟ್ಟಿರಲಿಲ್ಲ.

ಸರೋಜ ಕೊಟ್ಟ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದವಳು ಸರ್ರನೆ ಎದ್ದು ಹೋಗಿ ಪೆಟ್ಟಿಗೆಯ ಫೋಟೊ ತಂದಳು. ಎರಡರಲ್ಲೂ ಅದೇ ಕಂಬಿ, ಅದೇ ಕಾಗೆ.

ಮಂಜುನಾಥಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ ರಾಮಚಂದ್ರಪ್ಪನ ಮುಖ ನೋಡಿದ. ರಾಮಚಂದ್ರಪ್ಪ ಮಂಜುನಾಥಪ್ಪನ ಮುಖ ನೋಡಿದ. ಇಬ್ಬರಿಗೂ ಅರ್ಥವಾಯಿತು.

"ಆ ಕಾಗೆ ಅಲ್ಲೇ ಇರೋದು," ಎಂದ ರಾಮಚಂದ್ರಪ್ಪ, ಗಂಟಲು ಸರಿಮಾಡಿಕೊಂಡು. "ಹಾರೋದೇ ಇಲ್ಲ. ಅಲ್ವೇನ ಮಾರಾಯ?"

"ನಾವು ಹತ್ರ ಹೋದ್ರೂ ಹಾರ್ಲಿಲ್ಲ ಅಣ್ಣಾ."

ವರದಮ್ಮ ಎರಡೂ ಫೋಟೊ ಕಣ್ಣಿಗೊತ್ತಿಕೊಂಡಳು. "ಅತ್ತೆ ಇಲ್ಲಿಗೆ ಯಾಕೆ ಬರ್ತಿಲ್ಲ ಅಂತ ಈಗ ಗೊತ್ತಾತು. ಅಸ್ಥಿ ಬಿಟ್ಟ ಜಾಗದಲ್ಲೇ ಕೂತು ಕಾಯ್ತಿದಾರೆ. ಬರೋ ಅಮಾಸೆಗೆ ಎಡೆ ತಗೊಂಡು ಅಲ್ಲಿಗೇ ಹೋಗಾಣ. ಮಂಜುನಾಥಾ, ನೀನೇ ಕರ್ಕೊಂಡು ಹೋಗ್ಬೇಕು. ಈಗ ತಾನೇ ನೋಡ್ಬಂದವನು ನೀನು."

ಮಂಜುನಾಥಪ್ಪ ಹೆಂಡತಿಯ ಕಡೆ ದೀನನಾಗಿ ನೋಡಿದ. ಬೆಳಗಿನಿಂದ ಬಾಡಿದ್ದ ಸರೋಜಳ ಮುಖ ಅರಳಿತ್ತು.

"ಹೋಗಾಣ ಅಕ್ಕಾ. ಕಾಗೆ ತೋರ್ಸೋದು ಇವ್ರ ಜವಾಬ್ದಾರಿ."

ಇನ್ನು ದಿಕ್ಕು ಯಾರೆಂದು ಅವನು ರಾಮಚಂದ್ರಪ್ಪನತ್ತ ತಿರುಗಿದ. ರಾಮಚಂದ್ರಪ್ಪ ಆಗಲೇ ಬಾಡಿದ ಎಡೆಯ ಮುಂದೆ ನಿಂತು, ಆಕಾಶ ನೋಡುತ್ತ, "ಕಾ, ಕಾ" ಎಂದು ಕರೆಯತೊಡಗಿದ್ದ.