ಚಲುವರಾಜು ಮುಖ ನೋಡಿದ್ದು

ಹೆಂಡತಿಯ ಸೋದರಮಾವ ನಂಜಪ್ಪ ಬೂಕನಕೆರೆಯಲ್ಲಿ ತೀರಿಕೊಂಡರೆಂದು ಬೆಳಿಗ್ಗೆಯೇ ಫೋನು ಬಂತು. ಅರಕೆರೆಯ ಚಲುವರಾಜುವಿನ ಎದೆ ಧಸಕ್ಕೆಂದಿತು. ದುಃಖಕ್ಕಲ್ಲ, ಹೆದರಿಕೆಗೆ. ಸತ್ತವರ ಮುಖ ನೋಡುವುದು ಅವನಿಂದಾಗದ ಕೆಲಸ. ಎಷ್ಟೋ ಸಾವಿಗೆ ಹೋಗಿದ್ದರೂ ಶಾಮಿಯಾನದ ಹಿಂದೆ ಕಾಫಿ ಕುಡಿದು ಹಾಗೇ ಜಾರಿಕೊಳ್ಳುತ್ತಿದ್ದ.

ಹೆಂಡತಿ ಸುನಿತಾ ಕಾಲು ಮುರಿದುಕೊಂಡು ಕಟ್ಟು ಹಾಕಿಸಿಕೊಂಡಿದ್ದಳು. ಮಂಚದಿಂದಲೇ ಅಪ್ಪಣೆ ಹೊರಡಿಸಿದಳು.

"ನಮ್ ಸೋದ್ರತ್ತೆ ಸತ್ತಾಗ ನೀವು ಬರೀ ಕಾಪಿ ಕುಡ್ಕಂಡು ಬಂದ್ರಿ. ಮೊಕ ನೋಡ್ನಿಲ್ಲ ಅಂತ ನಮ್ಮೋರು ಇವತ್ಗೂ ಆಡ್ಕತಾವ್ರೆ. ಈ ಸಲ ನಮ್ಮಾವನ ಮೊಕ ನೋಡ್ದೆ ಬಂದ್ರೆ ನಂಗೆ ತವರು ತಪ್ಪೋಯ್ತದೆ. ಆಮ್ಯಾಕೆ ನನ್ನ ಮೊಕಾನೂ ನೋಡ್ಬೇಡಿ."

ಸಾಲದ್ದಕ್ಕೆ ಪಕ್ಕದ ಮನೆ ಕೆಂಪಣ್ಣನನ್ನು ಸಾಕ್ಷಿಗೆಂದು ಜೊತೆಗೆ ಕಳಿಸಿದಳು. ಈ ಕೆಂಪಣ್ಣ ನಂಜಪ್ಪನನ್ನು ಒಮ್ಮೆಯೂ ಕಂಡವನಲ್ಲ. ಆದರೆ ಯಾರ ಮನೆ ಸಾರಿಗೆ ಉಪ್ಪು ಕಮ್ಮಿಯಾದರೂ ಊರಿಗೆಲ್ಲ ತಿಳಿಸುವುದು ತನ್ನ ಕರ್ತವ್ಯವೆಂದು ತಿಳಿದವನು.

"ನೀ ಯೋಚ್ನೆ ಮಾಡ್ಬೇಡ ಕಣವ್ವ. ಕತ್ತು ಹಿಡ್ದು ಮೊಕ ತೋರ್ಸ್ಕಂಡೇ ಬತ್ತೀನಿ" ಎಂದ.

ಬಸ್ಸಿನಲ್ಲಿ ಚಲುವರಾಜುವಿಗೆ ಒಂದು ಉಪಾಯ ಹೊಳೆಯಿತು. ಕನ್ನಡಕ ತೆಗೆದರೆ ಅವನಿಗೆ ಎದುರು ನಿಂತ ಎತ್ತಿನ ಗಾಡಿಯೂ ಮಸುಕು ಮಸುಕು. ಬೂಕನಕೆರೆಯಲ್ಲಿ ಒಂದು ಸೇವಂತಿಗೆ ಹಾರ ಕೊಂಡು, ಸಾವಿನ ಮನೆ ಹತ್ತಿರವಾದಂತೆ ಕನ್ನಡಕವನ್ನು ಮೆಲ್ಲಗೆ ಜೇಬಿಗಿಳಿಸಿದ.

"ಯಾಕ್ಲಾ ತೆಗ್ದೆ?" ಎಂದ ಕೆಂಪಣ್ಣ.

"ಅಳು ಬತ್ತಾದೆ ಕಣಣ್ಣ."

ಅರಕೆರೆ ಕಡೆ ಸತ್ತವರನ್ನು ಮನೆ ಮುಂದೆ ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಬಂದವರಿಗೆ ಮುಖ ತೋರಿಸುವುದು ರೂಢಿ. ಇಲ್ಲೂ ಶಾಮಿಯಾನದಡಿ ಒಂದು ಕುರ್ಚಿಯಿತ್ತು, ಕುರ್ಚಿಯಲ್ಲಿ ಬೆಳ್ಳಗೆ ಒಂದು ಆಕಾರವಿತ್ತು, ಗದ್ದಕ್ಕೆ ಬಟ್ಟೆಯೂ ಇತ್ತು. ಕೆಂಪಣ್ಣ ಬೆನ್ನಿಗೆ ತಿವಿದ.

ಚಲುವರಾಜು ನೇರವಾಗಿ ಹೋಗಿ ಹಾರ ಹಾಕಿದ. ಸಾಕ್ಷಿ ಗಟ್ಟಿಯಾಗಲೆಂದು ಎರಡೂ ಕೈಯಲ್ಲಿ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಕೆನ್ನೆ ಬೆಚ್ಚಗಿತ್ತು. ಜೀವ ಹೋಗಿ ಬಹಳ ಹೊತ್ತಾಗಿಲ್ಲ, ಪಾಪ, ಎಂದುಕೊಂಡ.

"ಮಾವ, ನಿನ್ ಮೊಕಾನ ಚೆನ್ನಾಗಿ ನೋಡ್ದೆ ಕಣ್ ಮಾವ" ಎಂದು ಕೆಂಪಣ್ಣನಿಗೆ ಕೇಳುವಂತೆ ಗೋಳಾಡಿದ.

ಅದೇ ಹೊತ್ತಿಗೆ ಕೆ.ಆರ್. ಪೇಟೆಯ ಬಸ್ಸಿಳಿದು ಬಂದ ದೂರದ ನೆಂಟರ ಹೆಂಗಸರು ಹಾರ ಕಂಡರು, ಗೋಳು ಕೇಳಿದರು. ಮತ್ತೇನು ಬೇಕು? ಕುರ್ಚಿಯ ಸುತ್ತ ಕೂತು ಎದೆ ಬಡಿದುಕೊಳ್ಳತೊಡಗಿದರು. ಯಾರೋ ಊದುಬತ್ತಿ ಹಚ್ಚಿ ಮೂಗಿನ ಬುಡಕ್ಕೇ ಸಿಕ್ಕಿಸಿದರು.

"ಒಂದು ಮಾತೂ ಏಳ್ದೆ ಹೊಂಟೋದ್ಯಲ್ಲೋ ನಮ್ಮಪ್ಪ" ಎಂದು ಒಬ್ಬಾಕೆ ರಾಗ ಎಳೆದಳು.

ಹೆಣ ಸೀನಿತು.

"ಎಲ್ಗೂ ಓಗಿಲ್ಲ ಕಣವ್ವ. ಇಲ್ಲೇ ಕುಂತಿವ್ನಿ" ಎಂದಿತು.

ಹೆಂಗಸರು ದಿಕ್ಕಾಪಾಲಾದರು. ಕೆಂಪಣ್ಣ ಶಾಮಿಯಾನದ ಕಂಬ ತಬ್ಬಿಕೊಂಡ. ಒಳಗಿದ್ದವರು ಓಡಿ ಬಂದ ಮೇಲೆ ವಿಷಯ ತಿಳಿಯಿತು. ನಂಜಪ್ಪನನ್ನು ಬಾಡಿಗೆಗೆ ತಂದ ಐಸಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ನಡುಮನೆಯಲ್ಲಿ ಮಲಗಿಸಿದ್ದರು. ಹೊರಗೆ ಕೂತಿದ್ದವನು ಅವನ ಅಣ್ಣ ಬೋರಪ್ಪ. ಬಾಯಲ್ಲಿ ಉಳಿದಿದ್ದ ಒಂದೇ ಹಲ್ಲು ನೋಯುತ್ತಿತ್ತೆಂದು ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು, ರಾತ್ರಿಯಿಡೀ ನಿದ್ದೆಯಿಲ್ಲದೆ ಅಲ್ಲೇ ತೂಕಡಿಸಿದ್ದ.

ಬದುಕಿದ್ದವನಿಗೆ ಹೆಣದ ಹಾರ ಹಾಕಿದ ಮೇಲೆ ಕೇಳಬೇಕೆ? ಬೋರಪ್ಪನ ಮಗ ತೋಳೇರಿಸಿದ. ಹೆಂಡತಿಯ ತವರು ಇವತ್ತಿಗೆ ತಪ್ಪಿತೆಂದು ಚಲುವರಾಜು ಕಣ್ಣು ಮುಚ್ಚಿದ.

"ಅವ್ನ ಮುಟ್ಬೇಡ ಕಣ್ಲಾ" ಎಂದ ಬೋರಪ್ಪ. ಹಾರವನ್ನೂ ತೆಗೆದಿರಲಿಲ್ಲ. "ನನ್ ತಮ್ಮನ್ನ ಆ ಗಾಜಿನ್ ಪೆಟ್ಗೇಲಿ ಮೀನ್ ಮಡಗ್ದಂಗೆ ಮಡಗ್ಬುಟ್ರಿ. ಕುರ್ಚೀಲಿ ಕುಂಡ್ರುಸ್ರಲಾ ಅಂದ್ರೆ, ತಲೆ ವಾಲ್ದಂಗೆ ಗದ್ದ ಹಿಡ್ಕಂಡು ಕುಂತ್ಕಳೋಕೆ ಒಬ್ನೂ ಬರ್ನಿಲ್ಲ, ಎಲ್ರೂ ಹೆದ್ರುಕಂಡ್ರಿ. ಈ ಗಂಡ್ಸು ನಾ ಸತ್ತಿವ್ನಿ ಅಂತ್ಲೇ ತಿಳ್ಕಂಡು ಹೆಂಗೆ ಗದ್ದ ಹಿಡ್ದ ನೋಡ್ದ್ರಾ? ಕೈ ಒಂಚೂರು ನಡುಗ್ನಿಲ್ಲ."

ಜನ ಚಲುವರಾಜುವನ್ನು ಹೊಸದಾಗಿ ನೋಡಿದರು. ನಂಜಪ್ಪನ ಮುಖ ನೋಡಿದೆಯಾ ಎಂದು ಯಾರೂ ಕೇಳಲಿಲ್ಲ. ಕೆಂಪಣ್ಣ ಆಗಲೇ ಸುನಿತಾಗೆ ಫೋನು ಮಾಡಿ, ನಿನ್ ಗಂಡ ಹುಲಿ ಕಣವ್ವ ಎನ್ನುತ್ತಿದ್ದ. ಬದುಕಿದೆಯಾ ಬಡಜೀವವೇ ಎಂದು ಚಲುವರಾಜು ನಿಟ್ಟುಸಿರು ಬಿಟ್ಟ.

"ನಾ ಸತ್ತಾಗ ಗುಂಡಿಗಿಳಿಸೋಗಂಟ ನನ್ ಗದ್ದ ಹಿಡ್ಕಳೋನು ಇವ್ನೇಯ. ಭಾಷೆ ಕೊಡಪ್ಪ" ಎಂದು ಬೋರಪ್ಪ ಕೈ ಚಾಚಿದ. ಅಷ್ಟು ಜನರೆದುರು ಇಲ್ಲವೆನ್ನುವುದು ಹೇಗೆ? ಕೊಟ್ಟ.

"ಅರಕೆರೆ ದೂರ ಕಣಪ್ಪಯ್ಯ. ನೀ ಹೋದಾಗ ಇವ್ರು ಬರೋದ್ ತಡವಾದ್ರೆ?" ಎಂದ ಮಗ.

ಬೋರಪ್ಪ ಹಾರ ತೆಗೆದು ಕುರ್ಚಿಗೆ ಹಾಕಿದ.

"ಅದೂ ನಿಜವೇಯ" ಎಂದ. "ನನ್ ಬಟ್ಟೆಬರೆ ಕಟ್ಲಾ."

ಮಣ್ಣು ಮುಗಿದ ಮೇಲೆ ಅರಕೆರೆಗೆ ಹೋಗಲು ಶ್ರೀರಂಗಪಟ್ಟಣದ ಬಸ್ಸು ಹತ್ತಿದವರು ಮೂವರು. ಬೋರಪ್ಪ ಚಲುವರಾಜುವಿನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ಆ ಗೊರಕೆ ನಿಂತಾಗಲೆಲ್ಲ ಕೆಂಪಣ್ಣ ಹಿಂದಿನ ಸೀಟಿನಿಂದ ಎಚ್ಚರಿಸುತ್ತಿದ್ದ.

"ಒಂದ್ಸಲ ಮೊಕ ನೋಡ್ಲಾ, ಚಲುವರಾಜು."